ಒಂದು ಸುತ್ತಿನ ಜೀನಿಯಾ ಕೈಬಿಡಬೇಡಿ

ಧಾರವಾಡದ ಸಪ್ತಾಪುರ, ಮಾಳಮಡ್ಡಿ ಕಡೆಯ ಹಿತ್ತಲುಗಳಲ್ಲಿ ಹಳೇ ಜೀನಿಯಾ ಈಗ ಕಾಣುವುದೇ ಕಡಿಮೆ. ಸೊಂಟದೆತ್ತರದ ಗಿಡ, ಉದ್ದ ದಂಟು, ಒಂದೇ ಸುತ್ತು ಎಸಳು. ಅದರ ಜಾಗಕ್ಕೆ ನರ್ಸರಿಯ ಗಿಡ್ಡ ತಳಿ ಬಂದಿದೆ. ಕುಂಡದಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ, ಹೂವಿನ ತುಂಬ ಎಸಳೋ ಎಸಳು. ನೋಡೋಕೆ ಚಂದ, ಇಲ್ಲ ಅನ್ನುವುದಿಲ್ಲ. ಆದರೆ ಪಾತರಗಿತ್ತಿಗೆ, ಜೇನಿಗೆ ಅದರಲ್ಲಿ ಸಿಗುವುದು ಅಷ್ಟಕ್ಕಷ್ಟೇ. ನಾನಿರುವ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಗಿಡದ ಹುಚ್ಚಿರುವವರು ಒಂದು ಸುತ್ತಿನ ಹೂವನ್ನೇ ಹುಡುಕಿ ಬಿತ್ತುತ್ತಾರೆ, ನಾವು ಮನೇಲಿದ್ದದ್ದನ್ನೇ ಕಿತ್ತು ಹಾಕುತ್ತಿದ್ದೇವೆ. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

ಆ ಹೂವನ್ನು ಒಮ್ಮೆ ಹತ್ತಿರದಿಂದ ನೋಡಿ. ನಡುವಿನ ಗುಬುಟಿನ ಅಂಚಿಗೆ ಸಣ್ಣ ಸಣ್ಣ ಹಳದಿ ನಕ್ಷತ್ರಗಳು ಸಾಲಾಗಿ ಸುತ್ತ ಕೂತಿರುತ್ತವೆ. ಒಂದೊಂದು ನಕ್ಷತ್ರವೂ ಒಂದೊಂದು ಪೂರ್ತಿ ಹೂವೇ, ಮಕರಂದ, ಪರಾಗ ಇರುವುದು ಅಲ್ಲೇ. ಹೊರಗಿನ ಸಾಲು ಮೊದಲು ಅರಳುತ್ತದೆ, ಆಮೇಲೆ ಅದರ ಒಳಗಿನದು, ಹೀಗೆ ದಿನಗಟ್ಟಲೆ ನಡೆಯುತ್ತದೆ. ಪಾತರಗಿತ್ತಿ ಎಸಳಿನ ಮೇಲೆ ಕಾಲೂರಿ, ಸುರುಳಿ ಸುತ್ತಿಟ್ಟ ನಳಿಗೆ ಬಿಚ್ಚಿ, ಒಂದು ನಕ್ಷತ್ರಕ್ಕೆ ಇಳಿಸಿ, ತೆಗೆದು, ಪಕ್ಕದ್ದಕ್ಕೆ ಇಳಿಸಿ, ಒಂದನ್ನೂ ಬಿಡದೆ ಸುತ್ತು ಹೊಡೆಯುತ್ತದೆ. ತುಂಬು ಎಸಳಿನ ತಳಿಯಲ್ಲಿ ಈ ನಕ್ಷತ್ರಗಳ ಜಾಗವೂ ಎಸಳಿನ ಪಾಲು. ಉಳಿದ ಒಂದೆರಡು ಇದ್ದರೂ ಸಂದಿಯಲ್ಲಿ ಮುಚ್ಚಿಹೋಗಿರುತ್ತವೆ.

ಇಂಗ್ಲೆಂಡಿನಲ್ಲಿ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ಅನ್ನುವ ತೋಟಗಾರಿಕೆ ಸಂಘದವರು ಇಂಥ ಕೀಟಗಳಿಗೆ ಒಳ್ಳೆಯದಾದ ಗಿಡಗಳ ಪಟ್ಟಿ ಮಾಡಿದ್ದಾರೆ. ಬೀಜದ ಪ್ಯಾಕೆಟ್ ಮೇಲೆ ಜೇನಿನ ಗುರುತು ಇರುತ್ತದೆ, ಜನ ಅದನ್ನು ನೋಡಿ ಕೊಳ್ಳುತ್ತಾರೆ. ಆದರೆ ಅವರ ಪಾಡು ನೋಡಬೇಕು. ಜೀನಿಯಾ ಮೆಕ್ಸಿಕೋ ಕಡೆಯ ಗಿಡ, ಬಿಸಿಲು ಬೇಕು, ನೀರು ಹೆಪ್ಪುಗಟ್ಟುವ ಚಳಿಗೆ ಒಂದೇ ರಾತ್ರಿಯಲ್ಲಿ ಸತ್ತು ಬೀಳುತ್ತದೆ. ಅದಕ್ಕೇ ಏಪ್ರಿಲ್‌ನಲ್ಲಿ ಕಿಟಕಿ ಪಕ್ಕ ಸಣ್ಣ ಕುಂಡಗಳಲ್ಲಿ ಬೀಜ ಹಾಕಿ, ಮೇ ಕೊನೆಗೆ ಬೇರು ಅಲುಗದ ಹಾಗೆ ಹೊರಗೆ ನೆಟ್ಟು, ಎಳೆ ಗಿಡವನ್ನು ಬಸವನಹುಳುವಿನಿಂದ ಕಾಯ್ದುಕೊಂಡರೆ ಜುಲೈಗೆ ಹೂ. ಅಕ್ಟೋಬರ್ ಬಂದರೆ ಮುಗೀತು. ನಮ್ಮಲ್ಲಿ ನೆಲ ಕೆದರಿ ಬೀಜ ಚೆಲ್ಲಿದರೆ ವಾರದೊಳಗೆ ಮೊಳಕೆ, ಎರಡು ತಿಂಗಳಿಗೆ ಹೂ.

ಬೀಜ ಎತ್ತಿಡುವುದರಲ್ಲಂತೂ ನಮ್ಮ ರೀತಿಯೇ ಮೇಲು. ಅಲ್ಲಿ ಬಹಳ ಜನ ವರ್ಷ ವರ್ಷ ಹೊಸ ಪ್ಯಾಕೆಟ್ ತರುತ್ತಾರೆ. ನಮ್ಮವ್ವ ಗಿಡದಲ್ಲೇ ಒಣಗಿ ಕಂದಾದ ಹೂ ಕಿತ್ತು, ಅಂಗೈಯಲ್ಲಿ ಉಜ್ಜಿ, ಚಪ್ಪಟೆ ಬೀಜ ಆರಿಸಿ ಪೊಟ್ಟಣ ಕಟ್ಟಿಡುತ್ತಾಳೆ. ಓಣಿಯವರು ಕೇಳಿದರೆ "ಒಯ್ರೆವಾ, ನಿಮ್ಮ ಹಿತ್ತಲಕ್ಕೂ ಪಾತರಗಿತ್ತಿ ಬರ್ಲಿ" ಅಂತ ಕೊಡುತ್ತಾಳೆ. ಹೈಬ್ರಿಡ್ ಗಿಡದ ಬೀಜ ಎತ್ತಿಟ್ಟರೆ ಮುಂದಿನ ವರ್ಷ ಅದೇ ಹೂ ಬರುತ್ತದೆ ಅನ್ನುವ ಭರವಸೆ ಇಲ್ಲ. ರಾಣೆಬೆನ್ನೂರಿನ ಸುತ್ತ ಹೂವಿಗೆ ಹೂವು ಮುಟ್ಟಿಸಿ, ಕೈಯಿಂದಲೇ ತರಕಾರಿಯ ಹೈಬ್ರಿಡ್ ಬೀಜ ತೆಗೆಯುವ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಜಿಟಿಜಿಟಿ ಮಳೆ ಮಾತ್ರ ಇದಕ್ಕೆ ಆಗಿಬರುವುದಿಲ್ಲ. ಎಲೆಗೆ ಚುಕ್ಕೆ ಬೀಳುತ್ತದೆ, ಆಮೇಲೆ ಬೂದಿ ರೋಗ. ಹಾಗಾಗಿ ಧಾರವಾಡದಲ್ಲಿ ಆಗಸ್ಟ್ ಕೊನೆಗೆ ಬಿತ್ತಿದರೆ ಒಳ್ಳೆಯದು, ದೀಪಾವಳಿ ಹೊತ್ತಿಗೆ ಹೂ ಸಿಗುತ್ತದೆ. ಗಾಳಿ ಆಡುವಂತೆ ಅಡಿಗೊಂದು ಗಿಡ ಬಿಡಿ, ನೀರು ಬುಡಕ್ಕೆ ಹಾಕಿ, ಎಲೆ ಮೇಲೆ ಪೈಪು ಹಿಡಿಯಬೇಡಿ. ಗೇಣುದ್ದ ಆದಾಗ ಕುಡಿ ಚಿವುಟಿದರೆ ಕವಲು ಜಾಸ್ತಿ. ಹುಬ್ಬಳ್ಳಿ, ಗದಗಿನ ಎರಿ ಮಣ್ಣಿನಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ, ಅಲ್ಲಿ ಮಡಿ ಎತ್ತರ ಮಾಡಲೇಬೇಕು. ಸಗಣಿ ಗೊಬ್ಬರ ಸಾಕು. ಯೂರಿಯಾ ಹಾಕಿದರೆ ಸುಮ್ನೆ ಎಲೆ ಬೆಳೆಯುತ್ತದೆ.

ಇನ್ನು ನಮ್ಮವರಲ್ಲಿ ನನಗೆ ಸರಿ ಕಾಣದ ಎರಡು ಮಾತು. ಕತ್ತಲಿದ್ದಾಗಲೇ ಎದ್ದು ಗಿಡದಲ್ಲಿ ಒಂದೂ ಉಳಿಯದ ಹಾಗೆ ಪೂಜೆಗೆ ಹೂ ಬಿಡಿಸುವುದು ಒಂದು. ಬಿಡಿಸುವುದೇನೂ ತಪ್ಪಲ್ಲ, ಕಿತ್ತಷ್ಟೂ ಹೊಸ ಮೊಗ್ಗು ಬರುತ್ತದೆ. ಇಂಗ್ಲೆಂಡಿನವರು ಬಾಡಿದ ಹೂ ಕತ್ತರಿಸುವುದೂ ಅದಕ್ಕೇ. ಆದರೆ ಅರ್ಧ ಗಿಡದಲ್ಲೇ ಇರಲಿ, ದೇವರು ಬೇಡ ಅನ್ನುತ್ತಾನಾ? ಇನ್ನೊಂದು ಔಷಧಿ ಹೊಡೆಯುವ ಚಾಳಿ. ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕಗಳು ಗಿಡದ ಒಳಗೇ ಸೇರಿ ಪರಾಗಕ್ಕೂ ಮಕರಂದಕ್ಕೂ ಬರುತ್ತವೆ. ಜೇನಿಗೆ ಆಗುವ ಹಾನಿ ನೋಡಿಯೇ ಯುರೋಪ್ ಒಕ್ಕೂಟ 2018ರಲ್ಲಿ ಅದನ್ನು ಹೊಲ, ಬಯಲಿನಲ್ಲಿ ಬಳಸದಂತೆ ನಿಷೇಧಿಸಿತು. ಹಿತ್ತಲ ನಾಲ್ಕು ಹೂಗಿಡಕ್ಕೆ ಅದು ಯಾಕೆ ಬೇಕು? ಬೂದಿ ರೋಗಕ್ಕೂ ಔಷಧಿ ಬೇಡ, ಅದು ಕಂಡ ಎಲೆ ಕಿತ್ತು ಹಾಕಿದರೆ ಆಯಿತು. ಹಾಗೇ ಕರಿಬೇವಿನ ಎಲೆ ಮೇಲೆ ಹಕ್ಕಿ ಹಿಕ್ಕೆ ಥರ ಕಾಣುವ ಹುಳುವನ್ನು ಹೊಸಕಬೇಡಿ. ಜೀನಿಯಾಕ್ಕೆ ಬರುವ ಕಪ್ಪು ಪಾತರಗಿತ್ತಿಯ ಮರಿ ಅದು.

ಹುಬ್ಬಳ್ಳಿ-ಧಾರವಾಡದ ನರ್ಸರಿಯವರಿಗೆ ನನ್ನದೊಂದು ಕೇಳಿಕೆ. ತುಂಬು ಹೂವಿನ ಕುಂಡ ಮಾರಿ, ಬೇಡ ಅನ್ನಲ್ಲ. ಪಕ್ಕದಲ್ಲಿ ಒಂದು ಸುತ್ತಿನ ಹೂವಿನ ಸಸಿಯನ್ನೂ ಇಡಿ, ಪಾತರಗಿತ್ತಿ ಬರುವುದು ಇದಕ್ಕೆ ಅಂತ ಒಂದು ಚೀಟಿ ಬರೆದು ಹಚ್ಚಿ. ಮಕ್ಕಳಿರುವ ಮನೆಯವರು ಖಂಡಿತ ಒಯ್ಯುತ್ತಾರೆ.