ಬೇಸ್ ಗಿಟಾರಿನವನ ಪೂರ್ವಾಶ್ರಮ

"ಚಿಕ್ಕಂದಿನಿಂದಲೂ ಸಂಗೀತದ ಹುಚ್ಚಿತ್ತೇ?" ಎಂದು ಕೇಳುವವರು, ನಾನು ಆಂಪ್ಲಿಫೈಯರ್ ಹೊತ್ತು ಮೆಟ್ಟಿಲು ಹತ್ತುತ್ತಿರುವಾಗಲೇ ಕೇಳುತ್ತಾರೆ. ಅದೂ ದಾರಿಗೆ ಅಡ್ಡ ನಿಂತು. ಅವರಿಗೆ ಬೇಕಾದದ್ದು ತೊಟ್ಟಿಲಲ್ಲೇ ಶ್ರುತಿ ಹಿಡಿದ ಮಗುವಿನ ಕಥೆ.

ಹಾಡುತ್ತಿದ್ದೆ, ನಿಜ. ನೆಂಟರು ಬಂದರೆ ಸಾಕು, "ಎಲ್ಲಿ, ಮಾಮನಿಗೊಂದು ಹಾಡು ಹೇಳು" ಎಂದು ನನ್ನನ್ನು ಎಳೆದು ತರುತ್ತಿದ್ದರು. ಮಾಮನ ಕಣ್ಣು ಗಡಿಯಾರದ ಮೇಲೆ, ನನ್ನದು ಬಾಗಿಲಿನ ಮೇಲೆ. ಕೊನೆಯ ಚರಣಕ್ಕೆ ಮೊದಲೇ ಚಪ್ಪಾಳೆ ಬೀಳುತ್ತಿತ್ತು.

ಆಮೇಲೆ ಗಂಟಲು ಒಡೆಯಿತು. ಆ ವಯಸ್ಸಿನಲ್ಲಿ ಹುಡುಗರ ಧ್ವನಿಪೆಟ್ಟಿಗೆ ಬೆಳೆದು, ಧ್ವನಿತಂತುಗಳು ಉದ್ದವಾಗಿ, ದಪ್ಪವಾಗಿ, ಧ್ವನಿ ಹೆಚ್ಚುಕಡಿಮೆ ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ನನ್ನದು ಇಳಿಯಲಿಲ್ಲ, ಕಾಲು ಜಾರಿ ಉರುಳಿತು. ಗೆಳೆಯರ ಬ್ಯಾಂಡಿನಲ್ಲಿ ಹಾಡಲು ಹೋದಾಗ ಅವರು ಎರಡು ಸಾಲು ಕೇಳಿ, ಬಹಳ ಮರ್ಯಾದೆಯಿಂದ ಬೇಸ್ ಗಿಟಾರನ್ನು ಕೈಗಿಟ್ಟರು. ನಾಲ್ಕೇ ತಂತಿ, ಬಾಯಿ ತೆರೆಯುವ ಪ್ರಮೇಯವಿಲ್ಲ. 1951ರಲ್ಲಿ ಅಮೆರಿಕದ ಗಿಟಾರ್ ತಯಾರಕ ಲಿಯೊ ಫೆಂಡರ್ ಪ್ರಿಸಿಷನ್ ಬೇಸ್ ಎಂಬ ಎಲೆಕ್ಟ್ರಿಕ್ ಬೇಸ್ ಗಿಟಾರನ್ನು ತರುವ ಮುನ್ನ ಬ್ಯಾಂಡಿನವರು ಆಳೆತ್ತರದ ಡಬಲ್ ಬೇಸನ್ನು ಹೊತ್ತು ತಿರುಗುತ್ತಿದ್ದರು. ಆ ಪುಣ್ಯಾತ್ಮ ವಾದ್ಯದ ಭಾರ ಇಳಿಸಿದ. ಆಂಪ್ಲಿಫೈಯರಿನ ಭಾರ ನಮ್ಮ ಹೆಗಲಿಗೆ ಬಂತು. ಅತಿ ತಗ್ಗು ಸ್ವರದ ತಂತಿ ಮಿಡಿಯುವುದು ಸುಮಾರು 41 ಹರ್ಟ್ಸ್‌ನಲ್ಲಿ. ಮೊಬೈಲಿನ ಪುಟ್ಟ ಸ್ಪೀಕರಿಗೆ ಅದು ದಕ್ಕುವುದಿಲ್ಲ. ಹಾಗಾಗಿ ವಿಡಿಯೊ ನೋಡಿದ ಬಂಧುಗಳು, "ನೀನು ಸುಮ್ಮನೆ ನಿಂತಿದ್ದೆಯಲ್ಲ!" ಎನ್ನುತ್ತಾರೆ.

ಸಂಗೀತಗಾರ ಹೇಗೆ ತಯಾರಾಗುತ್ತಾನೆಂಬ ಬಗ್ಗೆ ನನ್ನದೊಂದು ಸಿದ್ಧಾಂತವಿದೆ. ಅದಕ್ಕೆ ಮೊದಲು ಸೌಂಡ್ ಚೆಕ್, ಅಂದರೆ ಕಾರ್ಯಕ್ರಮಕ್ಕೆ ಮುನ್ನ ಒಂದೊಂದೇ ವಾದ್ಯದ ಸದ್ದು ಹೊಂದಿಸುವ ವಿಷಯ ಮುಗಿಸಿಬಿಡುತ್ತೇನೆ.

ಊರೂರು ಸುತ್ತುವ ಬ್ಯಾಂಡಿಗೆ ಸಂಜೆಗಳೆಲ್ಲ ಸೌಂಡ್ ಚೆಕ್‌ನಲ್ಲೇ ಕಳೆಯುತ್ತವೆ, ಸೌಂಡ್ ಚೆಕ್ ಡ್ರಮ್ಸ್‌ನಲ್ಲೇ ಕಳೆಯುತ್ತದೆ. ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ ಕಿಕ್‌ಗೊಂದು ಮೈಕ್, ಸ್ನೇರಿಗೊಂದು, ಟಾಮ್‌ಗೊಂದೊಂದು, ಸಿಂಬಲ್‌ಗಳ ತಲೆಯ ಮೇಲೆ ಮತ್ತೆರಡು. "ಕಿಕ್" ಎಂದು ಸದ್ದು ಹೊಂದಿಸುವ ಮಿಕ್ಸರಿನ ಹಿಂದಿನಿಂದ ಅಪ್ಪಣೆಯಾಗುತ್ತದೆ. ದುಂ. ದುಂ. ದುಂ. "ಇನ್ನೊಮ್ಮೆ." ದುಂ. ನಮ್ಮ ಡ್ರಮ್ಮರ್ ಅಷ್ಟಕ್ಕೇ ಬಿಡುವ ಆಸಾಮಿಯಲ್ಲ. ಜೇಬಿನಿಂದ ಡ್ರಮ್ ಕೀ ತೆಗೆದು ಅಲ್ಲೇ ಶ್ರುತಿ ಮಾಡಲು ಕೂರುತ್ತಾನೆ. ಒಂದು ತಿರುಪನ್ನು ಕಾಲು ಸುತ್ತು ತಿರುಗಿಸುವುದು, ತಟ್ಟುವುದು, ಕಿವಿಯಿಡುವುದು, ಎದುರಿನದನ್ನು ತಿರುಗಿಸುವುದು, ಮತ್ತೆ ಮೊದಲಿನದಕ್ಕೆ ಬರುವುದು. ಗಿಟಾರಿನವನು ಪೆಟ್ಟಿಗೆಯ ಮೇಲೆ ನಿದ್ದೆ ಹೋಗುತ್ತಾನೆ. ಹಾಡುವವಳು ಹೊರಗೆ ಹೋಗಿ, ಫೋನಿನಲ್ಲಿ ಒಂದು ಜಗಳ ಶುರುಮಾಡಿ, ಗೆದ್ದು, ಹಿಂದಿರುಗುತ್ತಾಳೆ. ಆಗಲೂ ದುಂ.

ನನ್ನ ಸರದಿ ಬರುವ ಹೊತ್ತಿಗೆ ಬಾಗಿಲು ತೆರೆಯುವ ಸಮಯವಾಗಿರುತ್ತದೆ. "ಬೇಸ್?" ಒಂದು ಸ್ವರ ನುಡಿಸುತ್ತೇನೆ. "ಸಾಕು, ಚೆನ್ನಾಗಿದೆ." ಒಂದೇ ಸ್ವರದಲ್ಲಿ ಅದೇನು ಚೆನ್ನಾಗಿತ್ತೋ ದೇವರೇ ಬಲ್ಲ! ಸಭಾಂಗಣವೆಲ್ಲ ಗುಂಯ್‌ಗುಡುತ್ತಿದೆಯಲ್ಲ ಎಂದರೆ, "ಜನ ತುಂಬಿದ ಮೇಲೆ ಸರಿಹೋಗುತ್ತದೆ" ಎಂಬ ಸಮಾಧಾನ. ಜನರ ಮೈ, ಬಟ್ಟೆಗಳು ಸದ್ದು ಹೀರುವುದು ನಿಜ. ಆದರೆ ಹೀರುವುದು ಹೆಚ್ಚಾಗಿ ಮೇಲಿನ ಸ್ವರಗಳನ್ನು, ನನ್ನವನ್ನಲ್ಲ. ಅದೂ ಹೋಗಲಿ, ಮೊದಲು ಜನ ತುಂಬಬೇಕಲ್ಲ.