ಕಟ್ಟೆ ಸರಿ, ಮರ ಎಲ್ಲಿ?

ಸಿನಿಮಾದ ಹಳ್ಳಿಗೆ ಮೂರು ವಸ್ತು ಇದ್ದರೆ ಸಾಕು: ಒಂದು ಎತ್ತಿನ ಗಾಡಿ, ಒಂದು ಬಾವಿ, ಒಂದು ಅರಳಿಕಟ್ಟೆ. ಗಾಡಿ ಹಾಡಿಗೆ, ಬಾವಿ ನಾಯಕಿಗೆ, ಕಟ್ಟೆ ಪಂಚಾಯಿತಿಗೆ. ಕಟ್ಟೆಯ ನಟ್ಟನಡುವೆ ದಪ್ಪ ಮೀಸೆಯ ಗೌಡರು, ಪಕ್ಕದಲ್ಲಿ ಶಾನುಭೋಗರು, ಹಿಂದೆ ಮಾತಿಲ್ಲದ ನಾಲ್ಕು ಪೇಟಗಳು. ಕೆಳಗೆ, ಹೆಗಲ ಮೇಲಿನ ಟವೆಲ್ಲನ್ನು ಕಂಕುಳಿಗೆ ಇಳಿಸಿಕೊಂಡು ಕೈಮುಗಿದು ನಿಂತವನೊಬ್ಬ. ತೀರ್ಪು ಬೀಳುವ ಹೊತ್ತಿಗೆ ಎಲೆಗಳು ಒಮ್ಮೆ ಅಲ್ಲಾಡುತ್ತವೆ. ಮರದ ಪಾಲಿನ ನಟನೆ ಅಷ್ಟೇ. ಕ್ಯಾಮೆರಾ ಅಪ್ಪಿತಪ್ಪಿಯೂ ಎರಡಾಳೆತ್ತರಕ್ಕಿಂತ ಮೇಲೆ ಕತ್ತೆತ್ತುವುದಿಲ್ಲ. ಹಾಗಾಗಿ ಅಲ್ಲಿರುವುದು ಅರಳಿಯೋ, ಆಲವೋ, ಹೊರದೇಶದಿಂದ ಬಂದ ಮಳೆಮರವೋ ಎಂಬುದೇ ಎಷ್ಟೋ ಸಲ ಗೊತ್ತಾಗುವುದಿಲ್ಲ.

ಅರಳಿಯ ಗುರುತು ಹಿಡಿಯುವುದು ಕಷ್ಟವೇನಲ್ಲ. ಎಲೆ ವೀಳ್ಯದೆಲೆಯ ಆಕಾರ, ತುದಿಗೊಂದು ಉದ್ದನೆಯ ಬಾಲ. ಮಳೆನೀರು ಎಲೆಯ ಮೇಲೆ ನಿಲ್ಲದೆ ಜಾರಿಹೋಗಲೆಂದು ಆ ಬಾಲ. ತೊಟ್ಟು ಉದ್ದ, ಸಪೂರ. ಅಷ್ಟು ಸಪೂರ ತೊಟ್ಟಿನ ತುದಿಗೆ ಅಷ್ಟು ಅಗಲದ ಹಾಳೆ ತೂಗಿಬಿಟ್ಟಿರುವುದರಿಂದ, ಪಕ್ಕದ ಮಾವಿನ ಮರ ತಪಸ್ಸಿಗೆ ಕೂತಂತೆ ಸುಮ್ಮನಿರುವಾಗಲೂ ಅರಳಿ ಮಾತ್ರ ಪಿಸುಗುಡುತ್ತಿರುತ್ತದೆ. ಎಲೆಗೆ ಎಲೆ ಬಡಿದು ಏಳುವ ಆ ಸದ್ದು ಕಣ್ಣು ಮುಚ್ಚಿ ಕೇಳಿದರೆ ದೂರದಲ್ಲೆಲ್ಲೋ ಮಳೆ ಬಂದಂತೆ. ಗಾಳಿಯೇ ಇಲ್ಲದೆ ಅಲುಗುವ ಮರದಲ್ಲಿ ಯಾರೋ ಇದ್ದಾರೆ ಎಂದು ಜನ ನಂಬಿದ್ದರೆ ತಪ್ಪೇನು? ಹಗಲಾದರೆ ದೇವರು, ರಾತ್ರಿಯಾದರೆ ಬ್ರಹ್ಮರಾಕ್ಷಸ. ಮರ ಅದೇ, ಸದ್ದೂ ಅದೇ.

ಶಾಸ್ತ್ರದವರು ಈ ಮರಕ್ಕೆ ಕೊಟ್ಟ ಮರ್ಯಾದೆ ಸಣ್ಣದಲ್ಲ. ‘ಮೂಲತೋ ಬ್ರಹ್ಮರೂಪಾಯ, ಮಧ್ಯತೋ ವಿಷ್ಣುರೂಪಿಣೇ, ಅಗ್ರತಃ ಶಿವರೂಪಾಯ’ ಎಂದು ಬುಡದಿಂದ ತುದಿಯವರೆಗೆ ಮೂವರಿಗೂ ಜಾಗ ಹಂಚಿಕೊಟ್ಟಿದ್ದಾರೆ. ಗೀತೆಯ 10ನೇ ಅಧ್ಯಾಯದಲ್ಲಿ ಕೃಷ್ಣ ಮರಗಳಲ್ಲಿ ತಾನು ಅಶ್ವತ್ಥ ಎನ್ನುತ್ತಾನೆ. 15ನೇ ಅಧ್ಯಾಯದ ಮೊದಲ ಶ್ಲೋಕಕ್ಕೆ ಬಂದರೆ ಅದೇ ಅಶ್ವತ್ಥ ತಲೆಕೆಳಗಾಗಿ ನಿಂತಿದೆ: ಬೇರು ಮೇಲೆ, ಕೊಂಬೆ ಕೆಳಗೆ. ಶಂಕರರು ಆ ಹೆಸರನ್ನೇ ಒಡೆದು, ‘ನಾಳೆಯವರೆಗೂ ನಿಲ್ಲದ್ದು’ ಎಂದು ಅರ್ಥ ಹೇಳಿದರು. ನೂರಾರು ವರ್ಷ ಬಾಳುವ ಮರಕ್ಕೆ ನಾಳೆ ಇಲ್ಲದ್ದು ಎಂಬ ಹೆಸರು! ಸಂಸಾರ ನಿಂತಂತೆ ಕಾಣುತ್ತದೆ, ನಿಂತಿರುವುದಿಲ್ಲ ಎಂದು ಹೇಳಲು ಸದಾ ನಡುಗುವ ಎಲೆಗಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ.

ಬೇರು ಮೇಲೆ ಎಂಬುದು ಬರೀ ತತ್ತ್ವದ ಮಾತು ಎಂದುಕೊಂಡವರು ಯಾವುದಾದರೂ ಹಳೆಯ ಈಚಲ ಮರವನ್ನೋ ತಾಳೆಯನ್ನೋ ಸ್ವಲ್ಪ ಗಮನಿಸಬೇಕು. ಮೈನಾ, ಕೋಗಿಲೆ, ಕುಟುರ, ಬಾವಲಿ ಅರಳಿ ಹಣ್ಣು ತಿಂದು ಹಿಕ್ಕೆ ಹಾಕುತ್ತವೆ. ಸಾಸಿವೆಗಿಂತ ಸಣ್ಣ ಬೀಜ ಗರಿಯ ಬುಡದ ಸಂದಿಯಲ್ಲಿ, ನೆಲದಿಂದ ಇಪ್ಪತ್ತು ಅಡಿ ಮೇಲೆ ಮೊಳೆಯುತ್ತದೆ. ಅಲ್ಲಿಂದ ಬೇರು ಕೆಳಕ್ಕೆ ಇಳಿಯುತ್ತದೆ, ಮರದ ಮೈ ಸುತ್ತಿ, ನೆಲ ಮುಟ್ಟಿ, ದಪ್ಪವಾಗಿ, ಆಶ್ರಯ ಕೊಟ್ಟ ಮರವನ್ನೇ ಹಿಸುಕುತ್ತದೆ. ಅರಳಿಯ ಜೀವನ ನಿಜವಾಗಿಯೂ ಮೇಲೆ ಬೇರು ಬಿಟ್ಟೇ ಶುರುವಾಗುವುದುಂಟು. ಆ ಶ್ಲೋಕ ಕಟ್ಟಿದವರು ಇದನ್ನು ಕಣ್ಣಾರೆ ನೋಡಿರದೆ ಇರಲಾರರು. ಹೂವಂತೂ ಯಾರಿಗೂ ಕಾಣುವುದಿಲ್ಲ, ಅದು ಕಾಯಿಯ ಒಳಗೇ ಅರಳುತ್ತದೆ. ಎಳ್ಳಿಗಿಂತ ಚಿಕ್ಕ ಕಣಜವೊಂದು ಸಣ್ಣ ಕಂಡಿಯಲ್ಲಿ ನುಗ್ಗಿ ಪರಾಗ ಮುಟ್ಟಿಸಬೇಕು. ‘ಅತ್ತಿ ಹಣ್ಣು ಬಿಚ್ಚಿ ನೋಡಿದರೆ ಬರೀ ಹುಳ’ ಎಂದು ಗಾದೆ ಮೂಗು ಮುರಿಯುತ್ತದಲ್ಲ, ಆ ಹುಳವಿಲ್ಲದಿದ್ದರೆ ಅತ್ತಿಯ ವಂಶವೂ ಇಲ್ಲ, ಅರಳಿಯದೂ ಇಲ್ಲ.

ಕಟ್ಟೆಗೆ ಬರೋಣ. ಬುದ್ಧನಿಗೆ ಜ್ಞಾನೋದಯವಾದದ್ದು ಅರಳಿಯ ಕೆಳಗೆ ಎಂಬುದು ಎಲ್ಲರಿಗೂ ಗೊತ್ತು. ಬೋಧಗಯೆಯಲ್ಲಿ ಈಗ ಇರುವುದು ಅದೇ ಮರವಲ್ಲ. ಹಳೆಯದು 1876ರ ಬಿರುಗಾಳಿಗೆ ಉರುಳಿತು, 1881ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಕನಿಂಗ್‌ಹ್ಯಾಮ್ ಅದರ ಸಂತಾನದ ಸಸಿಯನ್ನು ನೆಡಿಸಿದ. ಅಶೋಕನ ಮಗಳು ಸಂಘಮಿತ್ರೆ ಒಯ್ದ ಟೊಂಗೆಯಿಂದ ಬೆಳೆದದ್ದೆಂದು ನಂಬುವ ಮರ ಶ್ರೀಲಂಕೆಯ ಅನುರಾಧಪುರದಲ್ಲಿದೆ. ಆದರೆ ಇಲ್ಲಿ ಹೇಳಬೇಕಾದದ್ದು ಸಾಂಚಿ ಸ್ತೂಪದ ಹೆಬ್ಬಾಗಿಲುಗಳ ಕಲ್ಲಿನ ತೋರಣಗಳ ವಿಷಯ. ಆ ಕಾಲದ ಶಿಲ್ಪಿಗಳು ಬುದ್ಧನನ್ನು ಮನುಷ್ಯರೂಪದಲ್ಲಿ ಕೆತ್ತಲಿಲ್ಲ. ಅರಳಿಯ ಕೆಳಗೆ ಒಂದು ಪೀಠ ಕೆತ್ತಿದರು, ಸುತ್ತ ಕೈಮುಗಿದವರನ್ನು ಕೆತ್ತಿದರು, ಪೀಠವನ್ನು ಖಾಲಿ ಬಿಟ್ಟರು. ಎರಡು ಸಾವಿರ ವರ್ಷದ ಹಿಂದೆ ಕಲ್ಲಿನಲ್ಲಿ ಖಾಲಿ ಇದ್ದ ಆ ಜಾಗದಲ್ಲಿ ಸಿನಿಮಾದವರು ಗೌಡರನ್ನು ಕೂರಿಸಿದ್ದಾರೆ.

ಅದು ಪೂರಾ ಸಿನಿಮಾದವರ ತಪ್ಪೂ ಅಲ್ಲ ಎನ್ನಿ. ಕಟ್ಟೆಯ ಮೇಲೆ ಯಾರು ಕೂರಬೇಕು, ಯಾರು ಕೆಳಗೆ ನಿಲ್ಲಬೇಕು ಎಂಬುದನ್ನು ಊರು ಮೊದಲೇ ಜಾತಿ ನೋಡಿ ಗೆರೆ ಹಾಕಿತ್ತು. ಕ್ಯಾಮೆರಾ ಅದನ್ನು ಇದ್ದ ಹಾಗೆ ಹಿಡಿಯಿತು, ಪ್ರಶ್ನೆ ಮಾತ್ರ ಕೇಳಲಿಲ್ಲ. ಮರ ಎಲ್ಲರಿಗೂ ಒಂದೇ ನೆರಳು ಕೊಡುತ್ತದೆ ಎಂಬ ಮಾತನ್ನು ಭಾಷಣಕಾರರು ಎಷ್ಟೇ ಹೇಳಲಿ, ನೆರಳಿನ ಒಳಗೇ ಮೂರಡಿ ಎತ್ತರದ ಒಂದು ಭೇದವನ್ನು ಕಲ್ಲಿನಲ್ಲಿ ಕಟ್ಟಲಾಗಿತ್ತು.

ಹಳೆಯ ಕಟ್ಟೆಯ ಕಟ್ಟಡ ಮಾತ್ರ ಬಲು ಜಾಣತನದ್ದು. ಸುತ್ತ ಕಾಡುಗಲ್ಲಿನ ಗೋಡೆ, ಕಲ್ಲಿಗೆ ಕಲ್ಲು ಕೂಡಿಸಿದ್ದು, ಗಾರೆ ಇಲ್ಲ. ಒಳಗೆ ಮಣ್ಣು. ಮೇಲೆ ಅಂಚಿಗಷ್ಟೇ ಚಪ್ಪಡಿ. ಮಳೆನೀರು ಮೇಲಿಂದ ಇಳಿಯುತ್ತದೆ, ಹೆಚ್ಚಾದದ್ದು ಕಲ್ಲಿನ ಸಂದಿಯಿಂದ ಹೊರಗೆ ಜಿನುಗುತ್ತದೆ, ಬೇರಿಗೆ ಗಾಳಿಯೂ ಆಡುತ್ತದೆ. ಕಟ್ಟೆ ಮೊದಲು ಕಟ್ಟಿ, ಮಣ್ಣು ಒಂದು ಮಳೆಗಾಲ ಕೂತು ಇಳಿದ ಮೇಲೆ ಸಸಿ ನೆಟ್ಟರೆ ಬುಡ ಮಣ್ಣಿನ ಮಟ್ಟಕ್ಕೇ ಇರುತ್ತದೆ. ಈಗ ನಡೆಯುವುದು ಇದಕ್ಕೆ ತಿರುಗುಮುರುಗು. ಬೆಳೆದ ಮರದ ಸುತ್ತ ಸಿಮೆಂಟಿನ ಗೋಡೆ ಎಬ್ಬಿಸಿ ಮೂರಡಿ ಮಣ್ಣು ಸುರಿಯುತ್ತಾರೆ. ಕಾಂಡದ ತೊಗಟೆ ಒದ್ದೆ ಮಣ್ಣಿನಲ್ಲಿ ಹೂತು ಕೊಳೆಯತೊಡಗುತ್ತದೆ. ಮೇಲೆ ಟೈಲ್ಸ್ ಹಾಕಿದರಂತೂ ನೀರೂ ಇಲ್ಲ, ಗಾಳಿಯೂ ಇಲ್ಲ. ಟೈಲ್ಸ್ ಹಾಕಲೇಬೇಕಿದ್ದರೆ ಬುಡದ ಸುತ್ತ ಕಡೇಪಕ್ಷ ಮೂರು ನಾಲ್ಕು ಅಡಿ ಬರೀ ಮಣ್ಣು ಬಿಡಬೇಕು, ಮರ ದಪ್ಪವಾದಂತೆ ಅಂಚನ್ನು ಹಿಂದಕ್ಕೆ ಸರಿಸಬೇಕು. ಸುತ್ತುವ ದಾರ ಹತ್ತಿಯದಾದರೆ ಮಳೆಗೆ ಕೊಳೆತು ಉದುರುತ್ತದೆ. ಪ್ಲಾಸ್ಟಿಕ್ ನೂಲು ಉದುರುವುದಿಲ್ಲ, ಸಸಿಯಾದರೆ ಕತ್ತಿಗೆ ಬಿದ್ದ ಉರುಳು. ಪೊಟರೆಯೊಳಗೆ ಹಣತೆ ಇಡುವ ಭಕ್ತಿಗೆ ಕೈಮುಗಿಯಬೇಕು, ಒಳಗಿನ ಒಣಮರಕ್ಕೆ ಬೆಂಕಿ ಹತ್ತಿದರೆ ಹೊಗೆ ಕಾಣುವುದು ಎಷ್ಟೋ ಹೊತ್ತಾದ ಮೇಲೆ.

ಅರಳಿಗೆ ಬೇವಿನ ಜೊತೆ ಮದುವೆ ಮಾಡುವ ಪದ್ಧತಿ ಇದೆಯಲ್ಲ, ಅಲ್ಲಿ ಮುಂಜಿಯೂ ಬಿಟ್ಟಿಲ್ಲ. ಗಂಡೆಂದು ಲೆಕ್ಕಕ್ಕೆ ಹಿಡಿದ ಕಡೆ ಅರಳಿಗೆ ಮೊದಲು ಉಪನಯನ ಮಾಡಿ ಜನಿವಾರ ಸುತ್ತುತ್ತಾರೆ, ಆಮೇಲೆ ಬೇವಿಗೆ ಸೀರೆ, ಬಳೆ, ಅರಿಶಿನದ ಕೊಂಬು, ತಾಳಿ. ಕೆಲವು ಕಡೆ ಅರಳಿಯೇ ಹೆಣ್ಣು. ಯಾರು ಹೆಣ್ಣು ಯಾರು ಗಂಡು ಎಂಬುದು ಊರಿಗೆ ಬಿಟ್ಟದ್ದು, ಊಟ ಮಾತ್ರ ಎಲ್ಲ ಕಡೆಯೂ ಗಂಡಿನ ಕಡೆಯವರ ಗತ್ತಿನದೇ. ದಂಪತಿಗೆ ಆಮೇಲೆ ಆಗುವುದು ಬೇರೆ ಕಥೆ. ಎರಡನ್ನೂ ಒಂದೇ ಗುಂಡಿಯಲ್ಲಿ ನೆಟ್ಟಿದ್ದರೆ ಕೆಲವು ದಶಕಗಳಲ್ಲಿ ಅರಳಿಯ ಬೇರು ಬೇವನ್ನು ಅಪ್ಪಿ, ಅಪ್ಪುಗೆ ಬಿಗಿಯಾಗಿ, ಬಿಸಿಲೂ ಸಿಗದೆ ಬೇವು ಬಡಕಲಾಗುತ್ತದೆ. ದಾಂಪತ್ಯ ಉಳಿಯಬೇಕಾದರೆ ನಡುವೆ ಒಂದಾಳುದ್ದ ಜಾಗ ಇರಬೇಕು, ಬೇವು ದಕ್ಷಿಣಕ್ಕಿದ್ದರೆ ಬಿಸಿಲು ಚೆನ್ನಾಗಿ ಸಿಗುತ್ತದೆ. ಮರದ ಮದುವೆಯ ಇನ್ನೊಂದು ಬಗೆಗೆ ಸಿನಿಮಾದವರ ಕಣ್ಣು ಬಿದ್ದಿದ್ದರೆ ಒಳ್ಳೆಯ ಹಾಸ್ಯವಾಗುತ್ತಿತ್ತು: ಮೂರನೇ ಮದುವೆ ಅಪಶಕುನವೆಂದು ಗಂಡಸಿಗೆ ಮೊದಲು ಎಕ್ಕದ ಗಿಡದ ಜೊತೆ ತಾಳಿ ಶಾಸ್ತ್ರ ಮುಗಿಸಿ, ಬರುವ ಹೆಣ್ಣನ್ನು ನಾಲ್ಕನೆಯವಳೆಂದು ಎಣಿಸುವುದು. ಎಕ್ಕದ ಅಭಿಪ್ರಾಯ ಯಾರೂ ಕೇಳಿಲ್ಲ.

ಪ್ರದಕ್ಷಿಣೆಯ ವಿಷಯದಲ್ಲಿ ಜನ ನಂಬಿಕೆಯನ್ನೂ ನಗುವನ್ನೂ ಒಟ್ಟಿಗೇ ಇಟ್ಟುಕೊಂಡಿದ್ದಾರೆ. ಅಮಾವಾಸ್ಯೆ ಸೋಮವಾರ ಬಂದರೆ 108 ಸುತ್ತು, ಮಕ್ಕಳಾಗಲೆಂದು. ‘ಅರಳಿ ಮರ ಸುತ್ತಿ ಹೊಟ್ಟೆ ಮುಟ್ಟಿ ನೋಡಿಕೊಂಡಳಂತೆ’ ಎಂಬ ಗಾದೆಯೂ ಅದೇ ಕಟ್ಟೆಯಲ್ಲೇ ಹುಟ್ಟಿರಬೇಕು. ಶನಿವಾರ ಬಿಟ್ಟು ಬೇರೆ ದಿನ ಮರ ಮುಟ್ಟಬಾರದೆಂಬ ನಿಯಮಕ್ಕೆ ಲಕ್ಷ್ಮಿ ಮತ್ತು ಅವಳ ಅಕ್ಕ ಜ್ಯೇಷ್ಠೆಯ ಕಥೆ ಇದೆ: ಅಕ್ಕ ಮರದಲ್ಲೇ ವಾಸ, ತಂಗಿ ಶನಿವಾರ ಮಾತ್ರ ನೋಡಲು ಬರುತ್ತಾಳೆ. ವಾರಕ್ಕೆ ಆರು ದಿನ ಮರಕ್ಕೆ ಮನುಷ್ಯರ ಕೈಯಿಂದ ಬಿಡುವು ಸಿಗುತ್ತದೆ ಎಂಬುದು ಈ ಕಥೆಯ ಲಾಭ. ಇಷ್ಟೆಲ್ಲ ಇದ್ದರೂ ಸಾಲದೆಂದು ಈಗ ಮೊಬೈಲಿನಲ್ಲಿ ಹೊಸ ಪುರಾಣವೊಂದು ಓಡಾಡುತ್ತಿದೆ, ಅರಳಿ ರಾತ್ರಿಯೂ ಆಮ್ಲಜನಕ ಕೊಡುತ್ತದೆಂದು. ಬೆಳಕಿಲ್ಲದೆ ಯಾವ ಎಲೆಯೂ ಆಮ್ಲಜನಕ ತಯಾರಿಸುವುದಿಲ್ಲ. ಮೂರು ದೇವರನ್ನು ಹೊತ್ತ ಮರಕ್ಕೆ ಸುಳ್ಳು ವಿಜ್ಞಾನದ ಶಿಫಾರಸು ಬೇಕಿತ್ತೇ?

ಕರಾವಳಿಯವರದು ಬೇರೆ ದಾರಿ. ಅವರು ಮರದ ಅರ್ಥವನ್ನು ಕುಡಿದೇ ಬಿಡುತ್ತಾರೆ. ಆಟಿ ಅಮಾವಾಸ್ಯೆಯ, ಎಂದರೆ ಆಷಾಢದ ಅಮಾವಾಸ್ಯೆಯ, ದಿನ ಸೂರ್ಯ ಹುಟ್ಟುವ ಮೊದಲು, ಕಬ್ಬಿಣ ಮುಟ್ಟಿಸದೆ ಕಲ್ಲಿನಿಂದಲೇ ಜಜ್ಜಿ, ಹಾಲೆ ಮರದ ಕೆತ್ತೆ (ತೊಗಟೆ) ತಂದು, ಓಮ, ಮೆಣಸು, ಬೆಳ್ಳುಳ್ಳಿ ಸೇರಿಸಿ ಅರೆದು ರಸ ತೆಗೆಯುತ್ತಾರೆ. ಕೆಂಪಗೆ ಕಾಯಿಸಿದ ಬೆಣಚುಕಲ್ಲನ್ನು ಅದರಲ್ಲಿ ಅದ್ದುವುದೇ ಒಗ್ಗರಣೆ. ಕಹಿ ಇಳಿದ ಮೇಲೆ ಮೆಂತೆಯ ಗಂಜಿ. ಮಲಯಾಳಂ ಸಿನಿಮಾದಲ್ಲಿ ಈ ಮರದಲ್ಲಿ ಯಕ್ಷಿ ಇರುತ್ತಾಳೆ, ರಾತ್ರಿ ಹೂವಿನ ಘಮಲು ಬಂದರೆ ಪ್ರೇಕ್ಷಕ ಕುರ್ಚಿ ಹಿಡಿದುಕೊಳ್ಳಬೇಕು. ನಿಜವಾದ ಭಯ ಯಕ್ಷಿಯದಲ್ಲ, ಕತ್ತಲಲ್ಲಿ ಹಾಲೆಯೆಂದು ಕಾಸರಕನ ತೊಗಟೆ ತಂದುಬಿಡುವುದರದು. ಕಾಸರಕದಲ್ಲಿರುವುದು ಪ್ರಾಣ ತೆಗೆಯುವ ವಿಷ. ಹಾಲೆಗೆ ಏಟು ಬಿದ್ದ ಕೂಡಲೇ ಬಿಳಿ ಹಾಲು ಒಸರುತ್ತದೆ, ಎಲೆಗಳು ಒಂದೇ ಗಿಣ್ಣಿನ ಸುತ್ತ ಹೆಚ್ಚಾಗಿ ಏಳೇಳು ಇರುತ್ತವೆ. ಕಾಸರಕದಲ್ಲಿ ಹಾಲಿಲ್ಲ, ಎಲೆಗಳು ಎದುರುಬದುರು ಎರಡೆರಡು. ಹಿಂದಿನ ದಿನ ಹಗಲಲ್ಲೇ ಮರ ನೋಡಿ ದಾರ ಕಟ್ಟಿ ಬರುವವರು ಈ ಕಾರಣಕ್ಕೇ ಜಾಣರು.

2009ರ ಹಾಲಿವುಡ್ ಚಿತ್ರ ‘ಅವತಾರ್’ ನೋಡಿದವರಿಗೆ ಒಂದು ಬೃಹತ್ ಮರ ಕ್ಷಿಪಣಿಗಳ ಹೊಡೆತಕ್ಕೆ ಉರುಳಿ ಬೀಳುವ ದೃಶ್ಯ ನೆನಪಿರುತ್ತದೆ. ಇಡೀ ಕುಲವೇ ವಾಸಿಸುತ್ತಿದ್ದ ಮರ ಅದು, ಬಿದ್ದ ಸದ್ದಿಗೆ ಥಿಯೇಟರೇ ಅದುರಿತ್ತು. ಹೆಸರೇನೋ ನಮ್ಮಿಂದ ಒಯ್ದರು. ನಮ್ಮ ಕಡೆ ಪೂಜೆಯ ಮರ ಸಾಯುವ ರೀತಿ ಬೇರೆ. ಅದಕ್ಕೆ ಕ್ಷಿಪಣಿ ಬೇಡ, ಜೀರ್ಣೋದ್ಧಾರ ಸಮಿತಿ ಸಾಕು. ಸದ್ದಿಲ್ಲ, ಖಳನಿಲ್ಲ, ದಾನಿಗಳ ಹೆಸರಿನ ಗ್ರಾನೈಟ್ ಫಲಕವಿದೆ. ತುದಿಯ ಕೊಂಬೆಗಳು ಒಣಗತೊಡಗಿದಾಗ ಯಾರದೋ ದೃಷ್ಟಿಯಾಯಿತೆನ್ನುತ್ತಾರೆ.

ಆದರೂ ಅರಳಿ ಸೇಡಿನ ಮರ. ಹಳೆಯ ಕಟ್ಟಡದ ಗಾರೆಯ ಬಿರುಕು, ಸೋರುವ ಪೈಪಿನ ಪಕ್ಕ, ಸಜ್ಜದ ಮೂಲೆ, ಎಲ್ಲಿ ಹಕ್ಕಿ ಕೂತು ನೀರು ಜಿನುಗುತ್ತದೋ ಅಲ್ಲಿ ಹುಟ್ಟುತ್ತದೆ. ಎರಡೆಲೆ ಇರುವಾಗ ಬೇರುಸಹಿತ ಕಿತ್ತರೆ ಕಿತ್ತಂತೆ. ಗೇಣುದ್ದ ಆದ ಮೇಲೆ ಕತ್ತರಿಸಿದರೆ ಗೋಡೆಯೊಳಗಿನ ಬೇರಿನಿಂದ ಮತ್ತೆ ಚಿಗುರುತ್ತದೆ, ಒಂದರ ಜಾಗದಲ್ಲಿ ಮೂರು. ಕೀಳಲು ಮನಸ್ಸು ಬಾರದವರು ಮಳೆಗಾಲದಲ್ಲಿ ಇಟ್ಟಿಗೆ ಸಡಿಲಿಸಿ, ಬೇರು ಮುರಿಯದಂತೆ ತೆಗೆದು, ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ, ವಾರವೆರಡು ನೆರಳಲ್ಲಿಟ್ಟು ಬೇರೆಡೆ ನೆಡಬಹುದು. ಅಷ್ಟು ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಹಾಗಾಗಿಯೇ ಬಾಗಿಲು ಹಾಕಿದ ಟಾಕೀಸುಗಳ ಎದುರು ಹಾದುಹೋಗುವಾಗ ಒಮ್ಮೆ ತಲೆಯೆತ್ತಿ ನೋಡಬೇಕು. ಪೋಸ್ಟರ್ ಅಂಟಿಸುತ್ತಿದ್ದ ಗೋಡೆಯ ನೆತ್ತಿಯಲ್ಲಿ, ಬಾಲ್ಕನಿಯ ಹೊರಗಿನ ಸಜ್ಜದಲ್ಲಿ, ತಾಮ್ರದ ಬಣ್ಣದ ಎಳೆಯೆಲೆಗಳು ಗಾಳಿಯಿಲ್ಲದೆ ನಡುಗುತ್ತಿರುತ್ತವೆ. ಬೇರು ಇಟ್ಟಿಗೆಯ ಸಂದಿ ಹಿಡಿದು ಟಿಕೆಟ್ ಕೊಡುತ್ತಿದ್ದ ಕಿಂಡಿಯತ್ತ ಇಳಿಯುತ್ತಿರುತ್ತದೆ.