ಈಳಿಗೆ ಮಣೆಗೆ ಸ್ವೆಟರ್

ನಿನ್ನೆ ಹಾಸನದಲ್ಲಿ ಚಿತ್ರಕಲೆ ಓದುವ ಮಕ್ಕಳ ಪ್ರದರ್ಶನ ನೋಡಿಕೊಂಡು ಬಂದೆ. ಬಂದಾಗಿನಿಂದ ತಲೆ ಬಿಸಿ.

ಒಬ್ಬ ಹುಡುಗಿ ಹಳೇ ಈಳಿಗೆ ಮಣೆ ತಂದು, ಅದರ ಅಲಗಿಗೆ ಬುಡದಿಂದ ತುದಿವರೆಗೆ ಕೆಂಪು ಉಲ್ಲನ್ ಸ್ವೆಟರ್ ಹೆಣೆದು ತೊಡಿಸಿದ್ದಳು. ಗುಂಡಿ ಸಮೇತ! ನಾನು ಅಲ್ಲೇ ನಿಂತುಬಿಟ್ಟೆ. ಪಕ್ಕದಲ್ಲಿದ್ದ ಯಜಮಾನರೊಬ್ಬರು ಕೇಳಿದ್ದು ಇಷ್ಟೇ: "ಇದರಲ್ಲಿ ಹುರುಳಿಕಾಯಿ ಹೆಚ್ಚೋದು ಹೇಗಮ್ಮಾ?" ಎಲ್ಲರೂ ನಕ್ಕರು. ಆ ಹುಡುಗಿಯೂ ನಕ್ಕಳು, ಪಾಪ, ಇನ್ನೇನು ಮಾಡ್ತಾಳೆ.

ಸ್ವಾಮಿ, ಹೆಚ್ಚೋಕೆ ಆಗಬಾರದು ಅಂತಲೇ ಮಾಡಿದ್ದು! 1921ರಲ್ಲಿ ಪ್ಯಾರಿಸ್‌ನಲ್ಲಿ ಮ್ಯಾನ್ ರೇ ಅನ್ನೋ ಕಲಾವಿದ ಇಸ್ತ್ರಿ ಪೆಟ್ಟಿಗೆಯ ತಳಕ್ಕೆ ಸಾಲಾಗಿ 14 ಮೊಳೆ ಅಂಟಿಸಿ 'ಉಡುಗೊರೆ' ಅಂತ ಹೆಸರಿಟ್ಟ. ಬಟ್ಟೆ ಮೇಲೆ ಎಳೆದರೆ ಚಿಂದಿ ಚಿಂದಿ. ಪ್ರದರ್ಶನ ಶುರುವಾದ ದಿನವೇ ಅದು ಕಾಣೆಯಾಯಿತು. (ಉಪಯೋಗಕ್ಕೆ ಬಾರದ್ದನ್ನು ಯಾರು ಎತ್ಕೊಂಡು ಹೋಗ್ತಾರೆ ಹೇಳಿ?) 1936ರಲ್ಲಿ ಮೆರೆಟ್ ಓಪನ್‌ಹೈಮ್ ಅನ್ನೋ ಕಲಾವಿದೆ, ಇನ್ನೂ 25 ಕೂಡ ತುಂಬದ ಹುಡುಗಿ, ಅಂಗಡಿಯಲ್ಲಿ ಸಿಗುವ ಟೀ ಕಪ್ಪು, ಸಾಸರ್, ಚಮಚಕ್ಕೆ ಜಿಂಕೆ ಜಾತಿಯ ಪ್ರಾಣಿಯ ತುಪ್ಪಳ ಹೊದಿಸಿದಳು. ಅದರಲ್ಲಿ ಕಾಫಿ ಕುಡಿಯೋದನ್ನ ಸುಮ್ನೆ ನೆನೆಸಿಕೊಳ್ಳಿ, ತುಟಿಗೆ ಒದ್ದೆ ಕೂದಲು. ಥೂ ಅನ್ನಿಸಿತಾ? ಹಾಗನ್ನಿಸಲಿ ಅಂತಲೇ ಮಾಡಿದ್ದು. ಈಗ ಅದು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿದೆ.

"ಬೇಲೂರು ಹಳೇಬೀಡಿನ ಜಿಲ್ಲೆ ನಮ್ಮದು, ಶಿಲ್ಪ ಅಂದ್ರೆ ಅದು" ಅಂತಲೂ ಯಜಮಾನರು ಅಂದರು. ಆಯ್ತಪ್ಪ, ಒಪ್ಪಿದೆ. ಹಳೇಬೀಡಿನ ಗೋಡೆ ಮೇಲಿನ ಮಕರ ನೋಡಿದ್ದೀರಾ? ಆನೆ ಸೊಂಡಿಲು, ಮೊಸಳೆ ಬಾಯಿ, ಸಿಂಹದ ಕಾಲು, ನವಿಲಿನ ಬಾಲ. ಅದರ ಮುಂದೆ ನಿಂತು ಯಾರೂ "ಇದು ಹಾಲು ಕೊಡುತ್ತಾ" ಅಂತ ಕೇಳಿದ್ದು ನಾನಂತೂ ಕಾಣೆ.

ಇದೇ ಜನ ಸಕಲೇಶಪುರದ ಕಡೆ ಹೋಂಸ್ಟೇಗೆ ಹೋಗಿ, ಒರಳುಕಲ್ಲಿನಲ್ಲಿ ಪ್ಲಾಸ್ಟಿಕ್ ಹೂ ಇಟ್ಟಿದ್ದರೆ ಪಕ್ಕದಲ್ಲಿ ನಿಂತು ಸೆಲ್ಫಿ ತಗೋತಾರೆ. ಅಲ್ಲಿ ದೋಸೆಗೆ ರುಬ್ಬೋದು ಹೇಗೆ ಅನ್ನೋ ಪ್ರಶ್ನೆ ಬರಲ್ಲ, ಅಲ್ವಾ?

ನಾನೇನೂ ಸಾಚಾ ಅಲ್ಲ. ಅಡುಗೆಮನೆ ರಿಪೇರಿ ಮಾಡಿಸುವಾಗ ಅಮ್ಮನ ಈಳಿಗೆ ಮಣೆಯನ್ನು ಗುಜರಿಯವನಿಗೆ ತೂಕಕ್ಕೆ ಹಾಕಿದ್ದು ನಾನೇ. ಅಮ್ಮನ ಹೆಬ್ಬೆರಳ ತುಂಬ ಗೀರುಗಳಿದ್ದವು, ಬಾಳೆಕಾಯಿ ಕಲೆ ಅದರೊಳಗೆ ಇಳಿದು ಕಪ್ಪಾಗಿದ್ದವು. ಅಷ್ಟು ವರ್ಷ ದಿನಾ ನೋಡಿದ್ದೆ. ಆ ಅಲಗು ಎಷ್ಟು ಹರಿತ ಅಂತ ಹೊಳೆದದ್ದು ನಿನ್ನೆ, ಯಾರೋ ಅದಕ್ಕೆ ಸ್ವೆಟರ್ ತೊಡಿಸಿದ ಮೇಲೆ.

ಪ್ರದರ್ಶನ ಭಾನುವಾರದವರೆಗೆ ಇದೆ. ಹೋಗೋರು ಹುರುಳಿಕಾಯಿ ಜೋಕನ್ನು ಮನೇಲೇ ಬಿಟ್ಟು ಹೋಗಿ.